ನಮ್ಮ ಹಳೆಯ ಕಡತ ನಮಗೂ ಓದಲು ಕೊಡಿ: ವಿದೇಶಾಂಗ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶ್ರೀ ಎಸ್. ಜೈಶಂಕರ್ ಅವರಿಗೆ,

ನಮಸ್ಕಾರ. ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವ ಮೇಷ್ಟ್ರು. ನಿಮ್ಮಲ್ಲಿ ನನ್ನದು ಒಂದೇ ಕೇಳಿಕೆ. ನಿಮ್ಮ ಸಚಿವಾಲಯದ ಹಳೆಯ ಕಡತಗಳನ್ನು ಜನರ ಓದಿಗೆ ಬಿಡಿ. ಇವತ್ತಿನವನ್ನಲ್ಲ, ನಿನ್ನೆಯವನ್ನೂ ಅಲ್ಲ. ಮೂವತ್ತು ವರ್ಷ ದಾಟಿದವನ್ನು.

ಈ ಕೇಳಿಕೆ ಹುಟ್ಟಿದ್ದು ತರಗತಿಯಲ್ಲಿ. 1950ರ ಜೂನ್‌ನಲ್ಲಿ ಕೊರಿಯಾ ಯುದ್ಧ ಶುರುವಾದಾಗ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಅಧ್ಯಕ್ಷರ ಕುರ್ಚಿಯಲ್ಲಿದ್ದವರು ನಮ್ಮ ದಕ್ಷಿಣ ಕನ್ನಡ ಮೂಲದ ಬೆನಗಲ್ ನರಸಿಂಗ ರಾವ್. ಸಂವಿಧಾನ ರಚನಾ ಸಭೆಗೆ ಸಲಹೆಗಾರರಾಗಿದ್ದರಲ್ಲ, ಅದೇ ಬಿ.ಎನ್. ರಾವ್. ದಕ್ಷಿಣ ಕೊರಿಯಾಕ್ಕೆ ನೆರವು ಕೊಡಬೇಕೆಂಬ ನಿರ್ಣಯ ಜೂನ್ 27ರಂದು ಮತಕ್ಕೆ ಬಂತು. ದೆಹಲಿಯಿಂದ ಸೂಚನೆ ಇನ್ನೂ ತಲುಪಿರಲಿಲ್ಲ. ರಾವ್ ಮತ ಹಾಕಲಿಲ್ಲ. ಭಾರತ ಆ ನಿರ್ಣಯವನ್ನು ಒಪ್ಪಿಕೊಂಡದ್ದು ಆಮೇಲೆ. ಇದನ್ನು ಹೇಳುತ್ತಿದ್ದಾಗ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: "ಸರ್, ಆ ಹೊತ್ತಿನಲ್ಲಿ ಅವರು ದೆಹಲಿಗೆ ಏನಂತ ಬರೆದರು?"

ಹುಡುಕಿದೆ. ರಾವ್ ಜೊತೆ ಅಮೆರಿಕದ ರಾಜತಾಂತ್ರಿಕರು ಆಡಿದ ಮಾತುಕತೆಯ ಟಿಪ್ಪಣಿಗಳು ಆ ದೇಶದ ಸರ್ಕಾರವೇ ಅಚ್ಚು ಹಾಕಿಸಿದ ಸಂಪುಟಗಳಲ್ಲಿವೆ. ಮನೆಯಲ್ಲಿ ಕೂತು, ಒಂದು ಪೈಸೆ ಕೊಡದೆ ಓದಿದೆ. ನೆಹರೂ ಬರೆದದ್ದು ಅವರ ಆಯ್ದ ಬರಹಗಳ ಸಂಪುಟಗಳಲ್ಲಿ ಸಿಗುತ್ತದೆ. ಆದರೆ ರಾವ್ ಅವರೇ ದೆಹಲಿಗೆ ಕಳಿಸಿದ ವರದಿಗಳನ್ನು ಹಾಗೆ ಓದಲು ನನಗೆ ಸಿಗಲಿಲ್ಲ. ನಮ್ಮ ಮನುಷ್ಯ ಏನು ಯೋಚಿಸುತ್ತಿದ್ದರು ಎಂಬುದನ್ನು ವಾಷಿಂಗ್ಟನ್ನಿನ ಗುಮಾಸ್ತರು ಬರೆದಿಟ್ಟ ಹಾಗೆ ಆ ಹುಡುಗಿಗೆ ಹೇಳಬೇಕಾಯಿತು. ಅದು ನನಗೆ ತುಂಬಾ ನೋವು ಕೊಟ್ಟಿತು.

ಇದಕ್ಕಿಂತ ದೊಡ್ಡ ವಿಷಯಗಳಲ್ಲೂ ಹೀಗೇ ಆಗಿದೆ. 2014ರ ಜನವರಿಯಲ್ಲಿ, ಮೂವತ್ತು ವರ್ಷ ತುಂಬಿತೆಂದು ಲಂಡನ್ನಿನಲ್ಲಿ ಕೆಲವು ಕಾಗದಗಳು ಹೊರಬಂದವು. ಅಮೃತಸರದ ಸ್ವರ್ಣಮಂದಿರದ ಕಾರ್ಯಾಚರಣೆಗೆ ಕೆಲವು ತಿಂಗಳ ಮೊದಲು, 1984ರ ಫೆಬ್ರವರಿಯಲ್ಲಿ, ಬ್ರಿಟನ್ನಿನ ಒಬ್ಬ ಸೇನಾ ಅಧಿಕಾರಿ ಭಾರತಕ್ಕೆ ಬಂದು ಸಲಹೆ ಕೊಟ್ಟಿದ್ದರು ಎಂದು ಅವು ಹೇಳಿದವು. ಅಲ್ಲಿನ ಸರ್ಕಾರ ತಕ್ಷಣ ವಿಚಾರಣೆ ಮಾಡಿಸಿತು. ಆ ಸಲಹೆಯ ಪಾತ್ರ ಬಹಳ ಸೀಮಿತ ಎಂದು ವಿದೇಶಾಂಗ ಸಚಿವ ವಿಲಿಯಂ ಹೇಗ್ ತಮ್ಮ ಸಂಸತ್ತಿನಲ್ಲಿ ವಿವರ ಕೊಟ್ಟರು. ಸತ್ತವರು ನಮ್ಮವರು. ಗಾಯ ನಮ್ಮ ದೇಶದ್ದು. ಲೆಕ್ಕ ಒಪ್ಪಿಸಿದ್ದು ಮಾತ್ರ ಬ್ರಿಟನ್ನಿನ ಸಂಸತ್ತಿನಲ್ಲಿ. ಇದು ಸರಿಯಾ?

ಕಾನೂನು ಇಲ್ಲ ಅಂತಲ್ಲ. 1993ರಲ್ಲೇ ಸಾರ್ವಜನಿಕ ದಾಖಲೆಗಳ ಕಾಯ್ದೆ ಬಂದಿದೆ. 30 ವರ್ಷಕ್ಕಿಂತ ಹಳೆಯದಾದ, ರಾಷ್ಟ್ರೀಯ ಪತ್ರಾಗಾರಕ್ಕೆ ಸೇರಿದ ದಾಖಲೆಗಳನ್ನು ಸಂಶೋಧಕರಿಗೆ ಕೊಡಬಹುದು ಎನ್ನುತ್ತದೆ. ಓದಿದ ತಕ್ಷಣ ಖುಷಿಯಾಗುತ್ತದೆ. ಆಮೇಲೆ ಒಂದು ಸಣ್ಣ ಪದ ಕಣ್ಣಿಗೆ ಬೀಳುತ್ತದೆ: ಗೋಪ್ಯವಲ್ಲದ ದಾಖಲೆಗಳು. ಕಡತದ ಮೇಲೆ ಒಮ್ಮೆ 'ಗೋಪ್ಯ' ಅಂತ ಮುದ್ರೆ ಬಿದ್ದರೆ ಆ 30 ವರ್ಷದ ಮಾತು ಅದಕ್ಕೆ ತಾಗುವುದೇ ಇಲ್ಲ. ಯಾರಾದರೂ ಅಧಿಕಾರಿ ಕೂತು, ಓದಿ, ಮುದ್ರೆ ತೆಗೆಯಬೇಕು. ಐದು ವರ್ಷಕ್ಕೊಮ್ಮೆ ಹಾಗೆ ನೋಡಬೇಕು ಅಂತ 1997ರ ನಿಯಮಗಳಲ್ಲಿದೆ. ಆದರೆ ತೆಗೆದು ಕೊಟ್ಟರೆ ಆ ಅಧಿಕಾರಿಗೆ ಸಿಗುವುದು ಏನೂ ಇಲ್ಲ, ನಾಳೆ ಹೆಚ್ಚುಕಮ್ಮಿ ಆದರೆ ಪ್ರಶ್ನೆ ಬರುವುದು ಅವರ ತಲೆಗೇ. ಸುಮ್ನೆ ಬಿಟ್ಟರೆ ಯಾರೂ ಕೇಳುವುದಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಬಹುಶಃ ಸುಮ್ನೆ ಬಿಡುತ್ತಿದ್ದೆ. ಹಾಗಾಗಿ ನಾನು ಅಧಿಕಾರಿಗಳನ್ನು ದೂರುತ್ತಿಲ್ಲ, ನಿಯಮ ಬದಲಾಯಿಸಿ ಅನ್ನುತ್ತಿದ್ದೇನೆ.

ಮಾಹಿತಿ ಹಕ್ಕು ಕಾಯ್ದೆಯ ಬಾಗಿಲೂ ಇಲ್ಲಿ ಅರ್ಧ ಮುಚ್ಚಿದೆ. 20 ವರ್ಷ ಹಳೆಯ ವಿಷಯಕ್ಕೆ ಹೆಚ್ಚಿನ ವಿನಾಯಿತಿಗಳು ಅನ್ವಯಿಸುವುದಿಲ್ಲ ಎಂದು 8(3)ನೇ ಕಲಂ ಹೇಳುತ್ತದೆ. ಆದರೆ ಭದ್ರತೆ ಮತ್ತು ವಿದೇಶ ಸಂಬಂಧದ ವಿನಾಯಿತಿ ಆಗಲೂ ಉಳಿಯುತ್ತದೆ. ನಮಗೆ ಬೇಕಾದದ್ದೇ ಅದು, ಅಲ್ವಾ?

2022ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಪತ್ರಾಗಾರದ ಮಹಾನಿರ್ದೇಶಕರು ಆಡಿದ ಮಾತು ನಿಮಗೂ ನೆನಪಿರಬಹುದು. 1962, 1965 ಮತ್ತು 1971ರ ಯುದ್ಧಗಳ ದಾಖಲೆಗಳು ತಮ್ಮಲ್ಲಿ ಇಲ್ಲ ಎಂದರು ಅವರು. 151 ಸಚಿವಾಲಯ ಮತ್ತು ಇಲಾಖೆಗಳಲ್ಲಿ 36ರ ದಾಖಲೆ ಮಾತ್ರ ಬಂದಿದೆ ಎಂದರು. ಅದನ್ನು ಓದಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಬೀರುವಿನಲ್ಲಿ ಬೀಗ ಹಾಕಿಟ್ಟ ಕಾಗದವನ್ನೂ ಕಾಲ ಬಿಡುವುದಿಲ್ಲ. ತೇವ, ಗೆದ್ದಲು, ಕಚೇರಿ ಬದಲಾಯಿಸುವಾಗ ಕಳೆದುಹೋಗುವ ಕಟ್ಟುಗಳು. ಗುಟ್ಟು ಕಾಯುವ ಹೆಸರಲ್ಲಿ ಕಾಗದವನ್ನೇ ಕಳಕೊಳ್ಳುತ್ತಿದ್ದೇವೋ ಏನೋ ಎಂಬ ಭಯ ನನ್ನದು.

ಕಡತ ತೆರೆದರೆ ಬೇರೆ ದೇಶಗಳ ಜೊತೆ ಸಂಬಂಧ ಕೆಡುತ್ತದೆ ಅಂತ ಹೇಳುವವರಿದ್ದಾರೆ. ಇದಕ್ಕೆ ಉತ್ತರ ನಿಮ್ಮ ಸ್ವಂತ ಅನುಭವದಲ್ಲೇ ಇದೆ. 2005ರ ಬೇಸಿಗೆಯಲ್ಲಿ ಅಮೆರಿಕ 1971ರ ದಾಖಲೆಗಳನ್ನು ಹೊರಬಿಟ್ಟಿತು. ಇಂದಿರಾ ಗಾಂಧಿಯವರ ಬಗ್ಗೆ ಆಗಿನ ಅಧ್ಯಕ್ಷ ನಿಕ್ಸನ್ ಮತ್ತು ಅವರ ಭದ್ರತಾ ಸಲಹೆಗಾರ ಕಿಸಿಂಜರ್ ಆಡಿದ ಹೊಲಸು ಮಾತುಗಳು ಅದರಲ್ಲಿದ್ದವು. ನಮ್ಮ ಜನಕ್ಕೆ ಸಿಟ್ಟು ಬಂತು, ಕಿಸಿಂಜರ್ ವಿಷಾದ ಹೇಳಿದರು. ಸಂಬಂಧ ಕೆಟ್ಟಿತೇ? ಅದೇ ಜುಲೈ 18ರಂದು ಮನಮೋಹನ್ ಸಿಂಗ್ ಮತ್ತು ಬುಷ್ ವಾಷಿಂಗ್ಟನ್ನಿನಲ್ಲಿ ಅಣು ಸಹಕಾರದ ಹೇಳಿಕೆ ಹೊರಡಿಸಿದರು. ಆಗ ಸಚಿವಾಲಯದಲ್ಲಿ ಅಮೆರಿಕ ವಿಭಾಗದ ಹೊಣೆ ನಿಮ್ಮದೇ ಆಗಿತ್ತು. ಮೂವತ್ತು ವರ್ಷದ ಹಿಂದಿನ ಮಾತು ಇವತ್ತಿನ ಮಾತುಕತೆಯನ್ನು ಮುರಿಯುವುದಿಲ್ಲ ಅಂತ ನಿಮಗಿಂತ ಚೆನ್ನಾಗಿ ಯಾರು ಬಲ್ಲರು?

ಅಮೆರಿಕ ತನ್ನ ವಿದೇಶಾಂಗ ದಾಖಲೆಗಳ ಸಂಪುಟಗಳನ್ನು 1861ರಿಂದ ಪ್ರಕಟಿಸುತ್ತಾ ಬಂದಿದೆ. ಮೂವತ್ತು ವರ್ಷದೊಳಗೆ ಪ್ರಕಟಿಸಬೇಕು ಅಂತ 1991ರಲ್ಲಿ ಕಾನೂನೇ ಮಾಡಿಕೊಂಡಿತು. ಗಡುವು ಮೀರಿದ್ದೂ ಇದೆ, 1971ರ ಸಂಪುಟವೇ ತಡವಾಗಿ ಬಂತು. ಆದರೂ ಗಡುವು ಅಂತ ಒಂದಿದೆ. ನಮಗೂ ಅಷ್ಟು ಸಾಕು. ಮೂವತ್ತು ವರ್ಷ ಆದ ಮೇಲೆ ಗೋಪ್ಯದ ಮುದ್ರೆ ತಾನಾಗಿ ಬಿದ್ದುಹೋಗಲಿ. ಇನ್ನೂ ಮುಚ್ಚಿಡಬೇಕು ಅನ್ನುವವರು ಕಾರಣವನ್ನು ಬರೆದು ಸಹಿ ಹಾಕಲಿ. ಎಷ್ಟು ಕಡತ ಹಾಗೆ ಉಳಿದವು ಎಂಬ ಲೆಕ್ಕ ವರ್ಷಕ್ಕೊಮ್ಮೆ ಸಂಸತ್ತಿನ ಮುಂದೆ ಬರಲಿ.

ನಿಮ್ಮ ತಂದೆಯವರನ್ನೂ ಇಲ್ಲಿ ನೆನೆಯಬೇಕು. ಕಾರ್ಗಿಲ್ ಯುದ್ಧ ಮುಗಿದ ಮೇಲೆ ನೇಮಿಸಿದ ಪರಿಶೀಲನಾ ಸಮಿತಿಗೆ ಕೆ. ಸುಬ್ರಹ್ಮಣ್ಯಂ ಅವರೇ ಅಧ್ಯಕ್ಷರು. ಆ ವರದಿ 2000ದ ಫೆಬ್ರವರಿಯಲ್ಲೇ ಸಂಸತ್ತಿಗೆ ಬಂತು. ಕೆಲವು ಭಾಗ ಬಿಟ್ಟು ಉಳಿದದ್ದು ಪುಸ್ತಕವಾಗಿ ಜನರ ಕೈಗೂ ಸಿಕ್ಕಿತು. ಗುಪ್ತಚರ ವ್ಯವಸ್ಥೆ ಎಲ್ಲಿ ಎಡವಿತು ಅಂತ ಅದರಲ್ಲಿದೆ. ಸೇನೆಯ ಧೈರ್ಯ ಅದರಿಂದ ಕುಗ್ಗಲಿಲ್ಲ. ಅದೇ 1962ರಲ್ಲಿ ಚೀನಾ ಎದುರು ಆದ ಸೋಲಿನ ಬಗ್ಗೆ ಸೇನಾಧಿಕಾರಿಗಳಾದ ಹೆಂಡರ್ಸನ್ ಬ್ರೂಕ್ಸ್ ಮತ್ತು ಭಗತ್ 1963ರಲ್ಲಿ ಕೊಟ್ಟ ವರದಿ ನೋಡಿ. ಒಬ್ಬ ವಿದೇಶಿ ಪತ್ರಕರ್ತ ಅದರ ಒಂದು ಭಾಗವನ್ನು 2014ರಲ್ಲಿ ಅಂತರ್ಜಾಲಕ್ಕೆ ಹಾಕಿದ. ನಾವು ಓದಿದ್ದು ಅದನ್ನೇ. ಅದು ರಕ್ಷಣಾ ಇಲಾಖೆಯ ವಿಷಯ ಅಂತ ಗೊತ್ತು, ಆದರೆ ಸಚಿವ ಸಂಪುಟದಲ್ಲಿ ನಿಮ್ಮ ಮಾತಿಗೆ ತೂಕವಿದೆ.

ಎಲ್ಲಿಂದ ಶುರು ಮಾಡಬೇಕು ಅಂತ ಕೇಳಿದರೆ ನಾನು ಶ್ರೀಲಂಕಾ ಎನ್ನುತ್ತೇನೆ. 1987ರ ಜುಲೈ 29ರಂದು ಕೊಲಂಬೊದಲ್ಲಿ ರಾಜೀವ್ ಗಾಂಧಿ ಮತ್ತು ಅಲ್ಲಿನ ಅಧ್ಯಕ್ಷ ಜಯವರ್ಧನೆ ತಮಿಳು ಸಂಘರ್ಷ ನಿಲ್ಲಿಸುವ ಒಪ್ಪಂದಕ್ಕೆ ಸಹಿ ಹಾಕಿದರು. ಶಾಂತಿ ಕಾಯಲು ಹೋದ ನಮ್ಮ ಸೈನಿಕರು ಅಕ್ಟೋಬರ್ ಹೊತ್ತಿಗೆ ಜಾಫ್ನಾದಲ್ಲಿ ಎಲ್‌ಟಿಟಿಇ ವಿರುದ್ಧ ಯುದ್ಧ ಮಾಡುತ್ತಿದ್ದರು. ಕೊನೆಯ ತುಕಡಿ ಹೊರಟದ್ದು 1990ರ ಮಾರ್ಚ್‌ನಲ್ಲಿ. ಅಷ್ಟರಲ್ಲಿ ಸುಮಾರು 1,200 ಮಂದಿ ಸತ್ತಿದ್ದರು. ಅಲ್ಲಿನ ತಮಿಳು ಜನ ಪಟ್ಟ ಪಾಡು ಬೇರೆ. ಒಪ್ಪಂದದ ಮೊದಲು ಯಾರು ಏನು ಎಚ್ಚರಿಸಿದ್ದರು, ದೆಹಲಿ ಯಾವ ಮಾತು ಕೇಳಿತು, ಯಾವುದನ್ನು ಕೇಳಲಿಲ್ಲ? ನಿವೃತ್ತ ಅಧಿಕಾರಿಗಳ ನೆನಪಿನ ಪುಸ್ತಕಗಳಿವೆ. ಆದರೆ ನೆನಪು ಬರೆದವರ ಕಡೆಗೇ ವಾಲುತ್ತದೆ. ಆ ಹೊತ್ತಿನ ಕಾಗದ ಬೇಕು.

1988ರಿಂದ 1990ರವರೆಗೆ ಆ ಶಾಂತಿಪಡೆಗೆ ರಾಜಕೀಯ ಸಲಹೆಗಾರರಾಗಿ ನೀವು ಅಲ್ಲೇ ಇದ್ದಿರಿ. ಆ ಕಡತಗಳಲ್ಲಿ ನಿಮ್ಮ ಕೈಬರಹವೂ ಇರಬಹುದು. ಸತ್ತ ಸೈನಿಕರ ಮಕ್ಕಳು ಈಗ ನಡುವಯಸ್ಸಿಗೆ ಬಂದಿದ್ದಾರೆ. ಮೊದಲು ಆ ಕಟ್ಟನ್ನು ಬಿಚ್ಚಿಸಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಇತಿಹಾಸದ ಮೇಷ್ಟ್ರು