ಹಳೆಯ ಮರಕ್ಕೆ ಹಳೆಯ ನೋಟದ ಬಣ್ಣ ಬೇಡ

ಮಾನ್ಯ ಸಂಪಾದಕರೇ,

ಹೊಸ ಪೀಠೋಪಕರಣಗಳಿಗೆ ಬಣ್ಣ ಬಳಿದು, ಅಲ್ಲಲ್ಲಿ ಉಜ್ಜಿ, ಬಹುಕಾಲ ಬಳಸಿದಂತೆ ಕಾಣಿಸುವ ಕೆಲಸವನ್ನು ಈಚೆಗೆ ದಾವಣಗೆರೆಯಲ್ಲೂ ನೋಡುತ್ತಿದ್ದೇನೆ. ಆ ಕೆಲಸಕ್ಕೆ ನನ್ನ ವಿರೋಧವಿಲ್ಲ. ಚೆನ್ನಾಗಿ ಮಾಡಿದರೆ ಅದು ನಿಜವಾದ ಕುಶಲಕಲೆ. ಆದರೆ ಮಂಡಿಪೇಟೆ, ಚೌಕಿಪೇಟೆಯಂಥ ಕಡೆಯ ಹಳೆಯ ಮನೆಗಳಿಂದ ಹೊರಬರುವ ತೇಗ, ಬೀಟೆ, ಹಲಸಿನ ಸಾಮಾನುಗಳ ಮೇಲೂ ಅದೇ ಕೈ ಓಡಿಸುವುದು ತಪ್ಪು.

ಕಳೆದ ಬೇಸಿಗೆಯಲ್ಲಿ ನಮ್ಮ ಮನೆಯ ತೇಗದ ಪೆಟ್ಟಿಗೆಯನ್ನು ಕೀಲು ಸರಿಪಡಿಸಲೆಂದು ಒಂದು ಕಡೆ ಕೊಟ್ಟಿದ್ದೆವು. ಅಜ್ಜಿ ಅದರಲ್ಲಿ ಸೀರೆಗಳನ್ನೂ ಮನೆಯ ಪತ್ರಗಳನ್ನೂ ಇಡುತ್ತಿದ್ದರು. ಮುಚ್ಚಳ ಎತ್ತುವಾಗ ಹೆಬ್ಬೆರಳು ತಾಗುತ್ತಿದ್ದ ಅಂಚು ಸವೆದು, ಸಣ್ಣ ತಗ್ಗು ಬಿದ್ದು, ನುಣುಪಾಗಿ ಹೊಳೆಯುತ್ತಿತ್ತು. ಮರಳಿ ಬಂದದ್ದು ಹಾಲುಬಣ್ಣದ ಪೆಟ್ಟಿಗೆ. ಯಂತ್ರದಿಂದ ಉಜ್ಜಿದ್ದರಿಂದ ಆ ತಗ್ಗು ಮಾಯವಾಗಿತ್ತು. ಯಾರ ಕೈಯೂ ತಾಗದ ಹಿಂಬದಿಯ ಹಲಗೆಯ ನಡುವೆ ಬಣ್ಣ ಕೆರೆದು ಸವೆತ ತೋರಿಸಿದ್ದರು. ಕೇಳಿದರೆ, ‘ಈಗ ಹಳೇ ಲುಕ್ಕಿಗೇ ಬೆಲೆ ಸಾರ್’ ಎಂದರು. ನನಗೆ ತುಂಬಾ ನೋವಾಯಿತು.

ಈ ಕೆಲಸಕ್ಕೆ ಇಳಿಯುವವರು ಮರ ಹೇಗೆ ಹಳತಾಗುತ್ತದೆ ಎಂಬುದನ್ನು ಮೊದಲು ಗಮನಿಸಬೇಕು. ಬಿಸಿಲಿನ ನೇರಳಾತೀತ ಕಿರಣಗಳು ಮೇಲ್ಪದರದ ಲಿಗ್ನಿನ್ ಅಂಶವನ್ನು, ಅಂದರೆ ಮರದ ನಾರುಗಳನ್ನು ಬೆಸೆದಿಡುವ ವಸ್ತುವನ್ನು, ಒಡೆಯುತ್ತವೆ, ಮಳೆ ಅದನ್ನು ತೊಳೆದೊಯ್ಯುತ್ತದೆ, ಉಳಿದ ನಾರು ಬೂದುಬಣ್ಣಕ್ಕೆ ತಿರುಗುತ್ತದೆ. ಹೀಗಾಗಿ ಬೂದುಬಣ್ಣ ಹೊರಬಾಗಿಲಿಗೆ, ಜಗುಲಿಯ ಕಂಬಕ್ಕೆ ಸಹಜವೇ ಹೊರತು ಪಡಸಾಲೆಯ ಬೀರುವಿಗಲ್ಲ. ಒಳಗಿನ ಸಾಮಾನು ಸವೆಯುವುದು ಹಿಡಿಕೆಯ ಸುತ್ತ, ಅಂಚುಗಳಲ್ಲಿ, ಕಸಬರಿಗೆ ತಗುಲುವ ಕಾಲಿನ ಬುಡದಲ್ಲಿ. ಹೊಸ ಬೇವಿನ ಅಥವಾ ರಬ್ಬರ್ ಮರದ ಕುರ್ಚಿಗೆ ಮೊದಲು ಗಾಢ ಕಂದು ಬಣ್ಣ ಕೊಟ್ಟು, ಒಣಗಿದ ಮೇಲೆ ಈ ಜಾಗಗಳಿಗಷ್ಟೇ ಮೇಣದಬತ್ತಿ ತಿಕ್ಕಿ, ಮೇಲೆ ತಿಳಿಬಣ್ಣ ಬಳಿದು, ಅದೂ ಪೂರ್ತಿ ಆರಿದ ನಂತರ 220 ನಂಬರಿನ ಸ್ಯಾಂಡ್ ಪೇಪರಿನಿಂದ ಹಗುರವಾಗಿ ಉಜ್ಜಿದರೆ, ಮೇಣವಿದ್ದಲ್ಲಿ ಮೇಲಿನ ಬಣ್ಣ ಬಿಟ್ಟುಕೊಂಡು ಒಳಗಿನ ಕಂದು ಕಾಣುತ್ತದೆ.

ದೂಳಿನ ವಿಷಯ ಇದಕ್ಕಿಂತ ಗಂಭೀರವಾದದ್ದು. ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದೆಂಬ ಕೇಂದ್ರದ ನಿಯಮ 2016ರಲ್ಲಿ ರೂಪುಗೊಂಡು, 2017ರ ನವೆಂಬರ್ 1ರಿಂದ ಜಾರಿಗೆ ಬಂತು. ಅದಕ್ಕೂ ಹಿಂದೆ ಎನಾಮಲ್ ಬಳಿದ ಬಾಗಿಲು, ತೊಟ್ಟಿಲುಗಳಲ್ಲಿ, ಅದರಲ್ಲೂ ಹಳದಿ, ಕೆಂಪು ಬಣ್ಣದವುಗಳಲ್ಲಿ, ಸೀಸ ಬಹಳ ಹೆಚ್ಚಿರಬಹುದು. ಅಂಥದನ್ನು ರಸ್ತೆಬದಿಯಲ್ಲಿ ಒಣದಾಗಿಯೇ ಉಜ್ಜಿದರೆ ದೂಳು ಕೆಲಸಗಾರರ ಉಸಿರಿಗೂ ಅಲ್ಲೇ ಆಡುವ ಮಕ್ಕಳ ಬಾಯಿಗೂ ಸೇರುತ್ತದೆ. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಯನ್ನೇ ಕೆಡಿಸುತ್ತದೆ. ಬಾಯಿಗೆ ಕಟ್ಟಿದ ಟವೆಲ್ ಆ ಸಣ್ಣ ದೂಳನ್ನು ತಡೆಯದು. ಹಳೆಯ ಬಣ್ಣ ತೆಗೆಯಲೇಬೇಕಿದ್ದರೆ ನೀರಿನಿಂದ ಒದ್ದೆ ಮಾಡಿಕೊಂಡು, ಸರಿಯಾದ ಮಾಸ್ಕ್ ಧರಿಸಿ, ಮಕ್ಕಳನ್ನು ದೂರವಿಟ್ಟು ಉಜ್ಜಬೇಕು.

ನಮ್ಮೂರಿನ ಬಡಗಿಗಳಲ್ಲಿ, ಪಾಲಿಶ್ ಕೆಲಸದವರಲ್ಲಿ ನನ್ನ ಕೋರಿಕೆ ಇಷ್ಟೇ: ಹಳೆಯ ಸಾಮಾನು ಬಂದಾಗ ಬಣ್ಣ ಹಚ್ಚುವ ಮುನ್ನ ಮನೆಯವರನ್ನು ಕೇಳಿ, ಒಪ್ಪಿಗೆಯನ್ನು ಬರೆಸಿಕೊಳ್ಳಿ. ಪಾಲಿಶ್ ಮಾಸಿದ ತೇಗಕ್ಕೆ ಬಹಳ ಸಲ ಸೋಪಿನ ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ತೆಳ್ಳಗೆ ಅಗಸೆ ಎಣ್ಣೆ ಸವರಿದರೆ ಸಾಕಾಗುತ್ತದೆ. (ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆಯಬಾರದು, ಅದು ತಾನಾಗಿ ಕಾದು ಹೊತ್ತಿಕೊಳ್ಳಬಹುದು. ಬಿಡಿಸಿ, ಹರಡಿ ಒಣಗಿಸಬೇಕು.)

ನಮ್ಮ ಮನೆಯಲ್ಲಿ ಇನ್ನೂ ಅಜ್ಜನ ಆರಾಮಕುರ್ಚಿ ಇದೆ. ಅದರ ಬೆತ್ತ ಹರಿದಿದೆ. ಮರವನ್ನು ಮುಟ್ಟದೆ ಬೆತ್ತವನ್ನಷ್ಟೇ ಹೆಣೆದು ಕೊಡುವವರು ಊರಿನಲ್ಲಿದ್ದರೆ ಕೆಲಸ ಕೊಡಲು ನಾನು ಸಿದ್ಧನಿದ್ದೇನೆ.

– ಓರ್ವ ಓದುಗ, ದಾವಣಗೆರೆ