ಹಳೇ ಗಾಡಿಯಲ್ಲಿ ಪೆಟ್ರೋಲ್ ವಾಸನೆ ಬಂದರೆ ಸುಮ್ಮನಿರಬೇಡಿ

ಸಂಪಾದಕರಿಗೆ ನಮಸ್ಕಾರ.

ನಮ್ಮ ಮನೆಯಲ್ಲಿ 1998ರ ಮಾರುತಿ 800 ಇದೆ. ಅಪ್ಪ ಕೊಂಡ ಕಾರು, ಕಾರ್ಬ್ಯುರೇಟರ್ (ಪೆಟ್ರೋಲನ್ನು ಗಾಳಿ ಜೊತೆ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಇರುವ ಮಾಡೆಲ್. ಈಗಲೂ ತೋಟಕ್ಕೆ, ಸಂತೆಗೆ, ಆಸ್ಪತ್ರೆಗೆ ಅದರಲ್ಲೇ ಓಡಾಟ. ಹೋದ ಬೇಸಿಗೆಯಲ್ಲಿ ಅದರಿಂದ ಪೆಟ್ರೋಲ್ ವಾಸನೆ ಬರೋಕೆ ಶುರುವಾಯಿತು. ಮೊದಲು ಗಮನಿಸಿದ್ದು ನನ್ನ ಹೆಂಡತಿ. ನಾನು "ಹಳೇ ಕಾರಲ್ವಾ, ಸ್ವಲ್ಪ ವಾಸನೆ ಇದ್ದೇ ಇರುತ್ತೆ" ಅಂದುಬಿಟ್ಟೆ. ಹಾಗೆ ಅಂದಿದ್ದು ದೊಡ್ಡ ತಪ್ಪು. ಹಳೇ ಗಾಡಿ ಇಟ್ಟುಕೊಂಡ ಬಹಳ ಜನ ಇದೇ ಮಾತು ಹೇಳುವುದನ್ನು ಕೇಳಿದ್ದೇನೆ, ಅದಕ್ಕೇ ಈ ಪತ್ರ.

ಕಾರು ನಿಲ್ಲಿಸುವ ಜಾಗದಿಂದ ಆರೇಳು ಅಡಿಗೆ ನಮ್ಮ ತುಳಸಿಕಟ್ಟೆ. ಅಮ್ಮ ದಿನಾ ಸಂಜೆ ಅಲ್ಲಿ ದೀಪ ಹಚ್ಚುತ್ತಾರೆ. ಒಂದು ಸಂಜೆ ನಾನು ಪೇಟೆಯಿಂದ ಬಂದು ಕಾರು ನಿಲ್ಲಿಸಿದೆ. ಎಂಜಿನ್ ಬಿಸಿ ಆರಿರಲಿಲ್ಲ, ವಾಸನೆ ಮೂಗಿಗೆ ಹೊಡೆಯುತ್ತಿತ್ತು, ಅಷ್ಟರಲ್ಲಿ ಅಮ್ಮ ಬತ್ತಿ, ಎಣ್ಣೆ, ಬೆಂಕಿಪೊಟ್ಟಣ ಹಿಡಿದುಕೊಂಡು ಹೊರಗೆ ಬಂದರು. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಮೇಲಕ್ಕೆ ಹೋಗಿ ಚದುರುವುದಿಲ್ಲ, ನೆಲಕ್ಕೆ ಅಂಟಿಕೊಂಡು ಹರಡುತ್ತದೆ. ಅದು ನನಗೆ ಗೊತ್ತಿತ್ತು, ಆದರೆ ಆ ಕ್ಷಣದವರೆಗೂ ನಮ್ಮ ಮನೆ ಅಂಗಳಕ್ಕೂ ಅದಕ್ಕೂ ಸಂಬಂಧ ಇದೆ ಅಂತ ತಲೆಗೆ ಬಂದಿರಲಿಲ್ಲ. ಅಮ್ಮನನ್ನು ಬಾಗಿಲಲ್ಲೇ ನಿಲ್ಲಿಸಿ, ಪಕ್ಕದ ಮನೆ ಹುಡುಗನನ್ನು ಕರೆದು ಕಾರನ್ನು ತಳ್ಳಿಕೊಂಡು ಹೋಗಿ ಬಯಲಲ್ಲಿ ಬಿಟ್ಟೆ.

ಮಾರನೇ ದಿನ ಒಬ್ಬ ಮೆಕ್ಯಾನಿಕ್ ಬಂದು ನೋಡಿದರು. ಕಾರ್ಬ್ಯುರೇಟರ್ ಓವರ್‌ಫ್ಲೋ ಆಗ್ತಿದೆ ಅಂತ ಬಿಚ್ಚಿ ತೊಳೆದು ಹಾಕಿದರು. ನಾಲ್ಕು ದಿನಕ್ಕೆ ಮತ್ತೆ ವಾಸನೆ. ಇನ್ನೊಬ್ಬರು ಕ್ಲಿಪ್‌ಗಳನ್ನೆಲ್ಲ ಬಿಗಿ ಮಾಡಿ ಹೋದರು. ಆಮೇಲೆ ವಾಸನೆ ಇನ್ನೂ ಜಾಸ್ತಿಯಾಯಿತು! ಇಬ್ಬರೂ ಕಾರಿನ ಕೆಳಗೆ ಬಗ್ಗಿ ನೋಡಿ "ಎಲ್ಲೂ ತೊಟ್ಟಿಕ್ಕಿಲ್ಲ" ಅಂದಿದ್ದರು. ನನಗೂ ಅದೇ ಧೈರ್ಯ.

ಕೊನೆಗೆ ಸಿಕ್ಕಿದ್ದು ಕೆಲಸದಿಂದ ನಿವೃತ್ತರಾದ ಒಬ್ಬ ಹಿರಿಯ ಮೆಕ್ಯಾನಿಕ್. ಅವರು ಸ್ಪ್ಯಾನರ್ ಮುಟ್ಟಲೇ ಇಲ್ಲ. ಮೊದಲು ಕೇಳಿದ್ದು, "ವಾಸನೆ ಯಾವಾಗ ಬರುತ್ತೆ?" ಈ ಪ್ರಶ್ನೆಯನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಟ್ಯಾಂಕ್ ತುಂಬಿಸಿದ ದಿನ ಹಿಂದಿನ ಸೀಟಿನ ಹತ್ತಿರ ವಾಸನೆ ಬಂದು, ಆಮೇಲೆ ಕಡಿಮೆಯಾದರೆ, ಪೆಟ್ರೋಲ್ ಹಾಕುವ ಬಾಯಿಂದ ಟ್ಯಾಂಕಿಗೆ ಹೋಗುವ ದಪ್ಪ ರಬ್ಬರ್ ಪೈಪನ್ನೋ, ಟ್ಯಾಂಕ್ ಮೇಲೆ ಸೋರದಂತೆ ಕೂರಿಸಿದ ಗ್ಯಾಸ್ಕೆಟ್ಟನ್ನೋ ಅನುಮಾನಿಸಬೇಕಂತೆ. ಗಾಡಿ ಓಡಿಸಿ ನಿಲ್ಲಿಸಿದ ಮೇಲೆ ಮುಂದುಗಡೆ ಬಂದರೆ ಪಂಪ್, ಕಾರ್ಬ್ಯುರೇಟರ್, ಇವೆರಡರ ನಡುವಿನ ಪೈಪ್. ನಮ್ಮದು ಎರಡನೇದು. ಆಮೇಲೆ ಡಿಪ್‌ಸ್ಟಿಕ್ (ಎಂಜಿನ್ ಆಯಿಲ್ ಮಟ್ಟ ನೋಡುವ ಕಡ್ಡಿ) ತೆಗೆದು ಮೂಸಿ ನೋಡಿದರು. ಈ ಹಳೇ ಮಾರುತಿಯಲ್ಲಿ ಪೆಟ್ರೋಲ್ ಪಂಪ್ ಎಂಜಿನ್ನಿಗೇ ಅಂಟಿಕೊಂಡಿರುತ್ತದೆ. ಅದರೊಳಗಿನ ಡಯಾಫ್ರಾಮ್, ಅಂದರೆ ತೆಳು ಪೊರೆ, ಹರಿದರೆ ಪೆಟ್ರೋಲ್ ಎಂಜಿನ್ ಆಯಿಲ್‌ಗೆ ಸೇರಬಹುದು. ಆಗ ಆಯಿಲ್ ಮಟ್ಟ ತಾನಾಗಿ ಏರುತ್ತದೆ, ತೆಳ್ಳಗಾಗುತ್ತದೆ. ಹಾಗಾಗಿದ್ದರೆ ಗಾಡಿ ಸ್ಟಾರ್ಟೇ ಮಾಡಬಾರದು. ದೇವರ ದಯೆ, ನಮ್ಮದರಲ್ಲಿ ಆಯಿಲ್ ಚೆನ್ನಾಗಿತ್ತು.

ಆಮೇಲೆ ಅವರು ಹಳೇ ಬಿಳಿ ಪಂಚೆಯ ತುಂಡು ಕೇಳಿದರು. ಬಯಲಲ್ಲೇ ಎರಡು ನಿಮಿಷ ಎಂಜಿನ್ ಓಡಿಸಿ, ಆಫ್ ಮಾಡಿ, ಒಂದೊಂದು ಜಾಯಿಂಟಿಗೂ ಬಟ್ಟೆಯ ಹೊಸ ಮೂಲೆ ಒತ್ತಿ ಬೆಳಕಿಗೆ ಹಿಡಿದು ನೋಡುತ್ತಾ ಹೋದರು. ಫಿಲ್ಟರ್ ಒಣಗಿತ್ತು. ಪಂಪಿನ ಅಂಚು ಒಣಗಿತ್ತು. ಪಂಪಿನಿಂದ ಕಾರ್ಬ್ಯುರೇಟರಿಗೆ ಹೋಗುವ ಗೇಣುದ್ದದ ಪೈಪಿನ ತುದಿಯಲ್ಲಿ, ಕ್ಲಿಪ್ಪಿನ ಅಡಿಯಲ್ಲಿ, ಬಟ್ಟೆ ಒದ್ದೆಯಾಯಿತು. "ನೆಲಕ್ಕೆ ಬೀಳಲಿ ಅಂತ ಕಾಯಬೇಡಿ ಸಾರ್, ಬಿಸಿ ಎಂಜಿನ್ ಮೇಲೆ ಜಿನುಗಿದ್ದು ನೆಲ ಮುಟ್ಟಲ್ಲ, ಅಲ್ಲೇ ಆರಿಹೋಗುತ್ತೆ" ಅಂದರು. ಆರಿಹೋಗಿದ್ದೇ ಆವಿಯಾಗಿ ನಮ್ಮ ಅಂಗಳದಲ್ಲಿ ಹರಡಿತ್ತು.

ಬ್ಯಾಟರಿಯ ನೆಗೆಟಿವ್ ತೆಗೆದು, ಎಂಜಿನ್ ಪೂರ್ತಿ ತಣ್ಣಗಾಗಲು ಬಿಟ್ಟು, ಪಕ್ಕದಲ್ಲಿ ಒಂದು ಬಕೆಟ್ ಮರಳು ಇಟ್ಟುಕೊಂಡು, ಟ್ಯಾಂಕಿನ ಮುಚ್ಚಳ ಒಮ್ಮೆ ತೆರೆದು ಒತ್ತಡ ಬಿಟ್ಟು, ಆಮೇಲೆ ಪೈಪ್ ಕಿತ್ತರು. ಹೊರಗಿನಿಂದ ಅದು ಸರಿಯಾಗೇ ಕಾಣುತ್ತಿತ್ತು. ಬೆರಳಲ್ಲಿ ಬಗ್ಗಿಸಿದ ಕೂಡಲೇ ಬೇಸಿಗೆಯ ಕೆರೆ ಅಂಗಳದ ಹಾಗೆ ಬಿರುಕು ಬಾಯಿಬಿಟ್ಟವು. ಸ್ಕ್ರೂ ಕ್ಲಿಪ್ಪನ್ನು ಬಿಗಿ ಮಾಡಿದಷ್ಟೂ ಅದರ ಅಂಚು ಗಟ್ಟಿಯಾದ ರಬ್ಬರನ್ನು ಕಡಿದುಹಾಕಿತ್ತು. ಬಿಗಿ ಮಾಡಿದ ಮೇಲೆ ವಾಸನೆ ಯಾಕೆ ಹೆಚ್ಚಾಯಿತು ಅನ್ನುವುದು ಆಗ ತಿಳಿಯಿತು.

ಪೈಪ್ ತರಲು ಹೋದಾಗ ಇನ್ನೊಂದು ವಿಷಯ ಕಂಡೆ. ಒಂದು ಅಂಗಡಿಯಲ್ಲಿ "ಇದೂ ಅದೇ ಸಾರ್" ಅಂತ ಸಾದಾ ಪ್ಲಾಸ್ಟಿಕ್ ಟ್ಯೂಬ್ ಕತ್ತರಿಸಿ ಕೊಡಲು ಹೊರಟರು. ದಯವಿಟ್ಟು ತಗೋಬೇಡಿ. ಪೆಟ್ರೋಲಿಗೆ, ಎಂಜಿನ್ ಬಿಸಿಗೆ ಅದು ಗಟ್ಟಿಯಾಗಿ ಸೀಳುತ್ತದೆ. ಪೆಟ್ರೋಲಿಗೆ ಅಂತಲೇ ಮಾಡಿದ ಪೈಪಿನ ಮೇಲೆ ಬರಹ ಇರುತ್ತದೆ. ಕಾರ್ಬ್ಯುರೇಟರ್ ಗಾಡಿಗೆ ಎಸ್‌ಎಇ ಜೆ30 ಆರ್7 ಅಂತ ನೋಡಿ ತಗೊಳ್ಳಿ. ಕಾರ್ಬ್ಯುರೇಟರ್ ಬದಲು ಪೆಟ್ರೋಲನ್ನು ಒತ್ತಡದಲ್ಲಿ ಚಿಮ್ಮಿಸುವ ಇಂಜೆಕ್ಷನ್ ಗಾಡಿಗಳಲ್ಲಿ ಒತ್ತಡ ಹಲವು ಪಟ್ಟು ಜಾಸ್ತಿ, ಅದಕ್ಕೆ ಆರ್9 ದರ್ಜೆಯದೇ ಬೇಕು. ಹಳೇ ತುಂಡನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ, ಒಳಗಿನ ಅಳತೆ ಹೊಂದಿಸಿ. ನಾವು ಫಿಲ್ಟರ್, ಟ್ಯಾಂಕಿಗೆ ವಾಪಸ್ ಹೋಗುವ ಪೈಪ್, ಎಲ್ಲ ಕ್ಲಿಪ್ಪುಗಳನ್ನೂ ಒಟ್ಟಿಗೇ ಬದಲಿಸಿದೆವು. ಸಾಮಾನಿಗೆ ಐನೂರು ರೂಪಾಯಿಯೂ ಆಗಲಿಲ್ಲ.

ಈಗ ಬಂಕುಗಳಲ್ಲಿ ಸಿಗುತ್ತಿರುವುದು 20% ಎಥೆನಾಲ್ ಬೆರೆತ ಪೆಟ್ರೋಲ್. 2023ರ ಫೆಬ್ರವರಿ 6ರಂದು ಪ್ರಧಾನಿ ಅದಕ್ಕೆ ಚಾಲನೆ ಕೊಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ. ನನ್ನ ಪೈಪ್ ಹಾಳಾಗಿದ್ದು ಅದರಿಂದಲೇ ಅಂತ ನಾನು ಹೇಳುವುದಿಲ್ಲ, ಇಷ್ಟು ವರ್ಷದ ರಬ್ಬರ್ ಹೇಗಿದ್ದರೂ ಹೋಗುತ್ತಿತ್ತು. ಎಥೆನಾಲ್ ಮಾಡಲು ಬಳಸುವ ಕಬ್ಬು, ಮೆಕ್ಕೆಜೋಳ ಬೆಳೆಯುವವರಿಗೆ ಅದರಿಂದ ನಾಲ್ಕು ಕಾಸು ಬಂದರೆ ನನಗೂ ಸಂತೋಷವೇ. ಆದರೆ ಈ ಪೆಟ್ರೋಲ್ ಹಾಕುವ ಕೆಲವು ಹಳೇ ಗಾಡಿಗಳಲ್ಲಿ ರಬ್ಬರ್ ಭಾಗ, ಗ್ಯಾಸ್ಕೆಟ್‌ಗಳನ್ನು 20 ರಿಂದ 30 ಸಾವಿರ ಕಿಲೋಮೀಟರಿಗೆ ಬದಲಿಸಬೇಕಾಗಬಹುದು ಅಂತ ಪೆಟ್ರೋಲಿಯಂ ಸಚಿವಾಲಯವೇ 2025ರ ಆಗಸ್ಟಿನಲ್ಲಿ ಹೇಳಿದೆ. ಈ ಮಾತು ಹಳ್ಳಿಯ ಗಾಡಿ ಮಾಲೀಕನಿಗೆ ಯಾರು ತಲುಪಿಸಿದ್ದಾರೆ? ಪ್ರತಿ ಬಂಕಿನಲ್ಲಿ ಕನ್ನಡದಲ್ಲಿ ಒಂದು ಬೋರ್ಡ್ ಹಾಕಿದರೆ ಸಾಕಲ್ವಾ?

ಸಾರಿಗೆ ಇಲಾಖೆಗೂ ಒಂದು ಬೇಡಿಕೆ. 15 ವರ್ಷ ಆದ ಮೇಲೆ ಸ್ವಂತ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. 20 ವರ್ಷ ದಾಟಿದ ಕಾರಿಗೆ ಈಗ ಅದರ ಶುಲ್ಕವೇ 10,000 ರೂಪಾಯಿ. ಅಷ್ಟು ಕಟ್ಟಿಸಿಕೊಂಡು ಗಾಡಿ ತಪಾಸಣೆ ಮಾಡುವಾಗ, ಬಾನೆಟ್ ಎತ್ತಿ ಪೆಟ್ರೋಲ್ ಪೈಪನ್ನೂ ಒಮ್ಮೆ ಬಗ್ಗಿಸಿ ನೋಡಲಿ. ಮಾರುತಿ ಓಮ್ನಿ ವ್ಯಾನುಗಳನ್ನಂತೂ ತಪ್ಪದೆ ನೋಡಬೇಕು. ಅದರಲ್ಲಿ ಎಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ, ಮತ್ತು ನಮ್ಮ ಕಡೆ ಇವತ್ತಿಗೂ ಅದರ ತುಂಬಾ ಶಾಲೆ ಮಕ್ಕಳು ಹೋಗುತ್ತಾರೆ.

– ನಿಮ್ಮ ಓದುಗ, ತಿಪಟೂರು