‘ನಾನು ಯಾರು ಹೇಳಿ ನೋಡುವಾ’ ಅನ್ನಬೇಡಿ

ಮಾನ್ಯ ಸಂಪಾದಕರೇ,

ನಮ್ಮ ಆಯಿಗೆ, ಅಂದರೆ ಅಮ್ಮನಿಗೆ, 78 ವರ್ಷ. ಮರೆವಿನ ಕಾಯಿಲೆ ಅಲ್ಝೈಮರ್ ಅಂತ ಗೊತ್ತಾಗಿ ನಾಲ್ಕು ವರ್ಷ ಆಯ್ತು. ಶಿರಸಿ ಹತ್ತಿರ ತೋಟದ ಮನೆ ನಮ್ಮದು. ಈ ಪತ್ರ ಮನೆಗೆ ಬರುವ ನೆಂಟರಿಗೆ. ಎದುರಿಗೆ ಹೇಳಿದರೆ ಬೇಸರ ಮಾಡಿಕೊಳ್ಳುತ್ತಾರೆ, ಪೇಪರಿನಲ್ಲಿ ಬಂದರೆ ಓದುತ್ತಾರೆ.

ಜಗಲಿ ಹತ್ತುವ ಮೊದಲೇ ಶುರು. “ಅತ್ತೆ, ನಾನು ಯಾರು ಹೇಳಿ ನೋಡುವಾ?” ಆಯಿ ನಗುತ್ತಾಳೆ. ಉತ್ತರ ಬಾರದ ಮಕ್ಕಳು ಮಾಸ್ತರರ ಮುಂದೆ ನಗುತ್ತಾರಲ್ಲ, ಆ ನಗೆ. ಆದರೂ ಬಿಡುವುದಿಲ್ಲ. ಕೊನೆಗೆ ಅವಳ ಎದುರೇ ನನ್ನ ಕಡೆ ತಿರುಗಿ “ಪೂರ್ತಿ ಹೋಗಿಬಿಟ್ಟಿದೆ ಅಲ್ವಾ?” ಅನ್ನುತ್ತಾರೆ. ಕಷಾಯ ಕುಡಿದು ಅವರು ಹೋದ ಮೇಲೆ ಯಾರು ಬಂದಿದ್ದರು ಅನ್ನುವುದು ಆಯಿಗೆ ನೆನಪಿರುವುದಿಲ್ಲ, ಆದರೆ ರಾತ್ರಿ ಊಟದ ತನಕ ಮುಖ ಸಣ್ಣದು ಮಾಡಿಕೊಂಡು ಕೂತಿರುತ್ತಾಳೆ.

‘ಅರವತ್ತಕ್ಕೆ ಅರಳುಮರಳು’ ಅಂದುಕೊಂಡು ನಾವೂ ಎರಡು ವರ್ಷ ಕಳೆದೆವು. ಮೊದಲು ತೋರಿಸಿದ ಡಾಕ್ಟರೂ ವಯಸ್ಸಾಯ್ತಲ್ಲ ಅಂದರು. ವಯಸ್ಸು ಮಾತ್ರ ಕಾರಣ ಅಲ್ಲ. 1906ರಲ್ಲಿ ಜರ್ಮನಿಯ ಅಲೋಯಿಸ್ ಅಲ್ಝೈಮರ್ ಈ ಕಾಯಿಲೆ ಬಗ್ಗೆ ಮೊದಲು ಹೇಳಿದರಲ್ಲ, ಅವರು ನೋಡಿದ ಆ ಹೆಂಗಸು ಆಸ್ಪತ್ರೆ ಸೇರಿದಾಗ 51 ವರ್ಷದವಳು. ಆಮೇಲೆ ಹುಬ್ಬಳ್ಳಿಗೆ ಕರೆದುಕೊಂಡು ಹೋದೆವು. ಅಲ್ಲಿ ಮೊದಲು ಬಿ12 ವಿಟಮಿನ್, ಥೈರಾಯ್ಡ್ ನೋಡಿದರು. ಅವು ಕಮ್ಮಿಯಾದರೂ ಮರೆವು ಬರುತ್ತದಂತೆ, ಅದಕ್ಕೆ ಔಷಧ ಇದೆ. ನಮ್ಮದು ಅದಲ್ಲ. ಈಗ ಡೊನೆಪೆಜಿಲ್ ಮಾತ್ರೆ ನಡೆದಿದೆ, ಅದು ಸ್ವಲ್ಪ ಆಸರೆ ಅಷ್ಟೇ, ಕಾಯಿಲೆಯನ್ನು ನಿಲ್ಲಿಸುವುದಿಲ್ಲ.

ಮಿದುಳಿನಲ್ಲಿ ಹೊಸ ನೆನಪು ಕಟ್ಟುವ ಹಿಪೊಕ್ಯಾಂಪಸ್ ಅನ್ನುವ ಜಾಗಕ್ಕೇ ಸಾಮಾನ್ಯವಾಗಿ ಮೊದಲು ಪೆಟ್ಟು ಬೀಳುವುದು. ಹಾಗಾಗಿ ಬೆಳಗಿನ ದೋಸೆ ಮರೆತುಹೋಗುತ್ತದೆ, ಕುಮಟೆಯ ತವರುಮನೆ ಬಾವಿಕಟ್ಟೆ ಹಾಗೇ ಇರುತ್ತದೆ. ಕೈಗೂ ಅದರದ್ದೇ ನೆನಪು ಇದೆ. ತರಕಾರಿ ಹೆಚ್ಚುವ ಮೆಟ್ಟುಗತ್ತಿಯನ್ನೇನೋ ಅಟ್ಟಕ್ಕೆ ಹಾಕಿದ್ದೇವೆ, ಆದರೆ ಹತ್ತಿ ಕೊಟ್ಟರೆ ಈಗಲೂ ಹೂಬತ್ತಿ ಒಂದೇ ಅಳತೆಗೆ ಹೊಸೆಯುತ್ತಾಳೆ.

ಸಂಜೆ ಕಷ್ಟ. ದೀಪ ಹಚ್ಚುವ ಹೊತ್ತಿಗೆ ಚೀಲ ಹಿಡಿದು ಹೊರಟು ನಿಲ್ಲುತ್ತಾಳೆ, ಕತ್ತಲಾಗುವುದರೊಳಗೆ ಘಟ್ಟ ಇಳಿದು ಕುಮಟೆ ಮುಟ್ಟಬೇಕಂತೆ, ಅಪ್ಪಯ್ಯ ಕಾಯ್ತಾ ಇರುತ್ತಾನಂತೆ. ಮೊದಮೊದಲು ನಾನು “ಅಜ್ಜ ಸತ್ತು 40 ವರ್ಷ ಆಯ್ತಲ್ಲೇ” ಅನ್ನುತ್ತಿದ್ದೆ. ಪ್ರತಿ ಸಲವೂ ಅವಳಿಗೆ ಅದು ಹೊಸ ಸುದ್ದಿ, ಪ್ರತಿ ಸಲವೂ ಅತ್ತಳು. ಈಗ “ಕಡೇ ಬಸ್ಸು ಹೋಯ್ತು ಆಯಿ, ನಾಳೆ ಹೋಗೋಣ” ಅನ್ನುತ್ತೇನೆ. ಸುಳ್ಳು ಹೇಳುತ್ತೀಯಲ್ಲ ಅಂದವರಿದ್ದಾರೆ. ಹೌದು, ಹೇಳುತ್ತೇನೆ.

ಇಷ್ಟೆಲ್ಲ ಬರೆಯುವ ನಾನು ನೋಡಿಕೊಳ್ಳುವುದು ಅರ್ಧ, ಅರ್ಧವೂ ಇಲ್ಲವೇನೋ. ಮೀಸುವುದು, ಉಣಿಸುವುದು, ರಾತ್ರಿ ನಾಲ್ಕು ಸಲ ಏಳುವುದು ಎಲ್ಲ ನನ್ನ ಹೆಂಡತಿ. ಒಂದು ರಾತ್ರಿ ಅವಳು ಹಿತ್ತಲಲ್ಲಿ ನಿಂತು ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದ್ದಳು ಅನ್ನುವುದು ನನಗೆ ತಿಳಿದದ್ದು ತಿಂಗಳ ನಂತರ. ಅದು ಮನಸ್ಸಿಗೆ ಕಷ್ಟವಾದಾಗ ಮಾತಾಡಲು ಇರುವ ಸಹಾಯವಾಣಿ, ಸರಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಯಾರೋ ಗುರುತಿಲ್ಲದವರ ಹತ್ತಿರ ಅತ್ತಿದ್ದಾಳೆ, ನನ್ನ ಹತ್ತಿರ ಅಲ್ಲ.

ಚೌತಿಗೆ ಬರುವವರು ಜಾಸ್ತಿ ಜನ ಇದ್ದೀರಿ. ಬನ್ನಿ. ಬಂದ ಕೂಡಲೇ ನೀವೇ ಹೇಳಿಬಿಡಿ, “ಅತ್ತೆ, ನಾನು ನಿನ್ನ ತಮ್ಮನ ಮಗ, ಕುಮಟೆಯಿಂದ ಬಂದೆ” ಅಂತ. ಪಕ್ಕದಲ್ಲಿ ಕೂತು ತವರಿನ ಕಥೆ ಕೇಳಿ. ಒಂದೇ ಕಥೆ ಮೂರು ಸಲ ಬರುತ್ತದೆ, ಮೂರೂ ಸಲ ಹೂಂ ಅನ್ನಿ. ಆಮೇಲೆ ಇನ್ನೊಂದೆರಡು ತಾಸು ಆಯಿ ಹತ್ತಿರ ಕೂತಿರಿ, ನನ್ನ ಹೆಂಡತಿ ಒಳಗೆ ಹೋಗಿ ಸುಮ್ನೆ ಮಲಗಲಿ.

— ಒಬ್ಬ ಓದುಗ, ಶಿರಸಿ ತಾಲ್ಲೂಕು